ನಡಾವಳಿ ಪುಸ್ತಕದಲ್ಲಿ ನಿನ್ನ ಮಾತಿದೆಯಾ?

ಈ ತಿಂಗಳು ಸಂಪಾದಕರು ಕಳಿಸಿದ ಪತ್ರಗಳ ಕಟ್ಟು ಬಿಚ್ಚಿದರೆ ಮುಕ್ಕಾಲು ಪಾಲು ಇಪ್ಪತ್ತೈದು ದಾಟದವರದ್ದು. ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವುದು ಪಿಂಚಣಿ, ಪಹಣಿ, ಪಕ್ಕದ ಮನೆಯ ಹಲಸಿನ ಕೊಂಬೆ ನಮ್ಮ ಹೆಂಚಿನ ಮೇಲೆ ಬಿತ್ತು, ಇಂಥ ತಕರಾರು. ಈ ಸಲ ಗುಡ್ಡ, ನದಿ, ಓಟು, ಪೊಲೀಸು. ನಾನು ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು, ವಕೀಲಳಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಶಿರಸಿ ಸೀಮೆಯ ಕಾಡಿನಲ್ಲಿ ಉಂಬಳ (ಜಿಗಣೆ) ಕಚ್ಚಿಸಿಕೊಂಡವಳು ಎಂಬುದೊಂದೇ ನನ್ನ ಅರ್ಹತೆ. ಅಷ್ಟು ಸಾಕು ಅನ್ನುವವರು ಮುಂದೆ ಓದಿ.

ಪ್ರಶ್ನೆ: ಮೇಡಂ, ನಾನು ಬಿ.ಎ. ಎರಡನೇ ವರ್ಷ. ನಮ್ಮೂರ ಗುಡ್ಡದಲ್ಲಿ ಕಲ್ಲು ಕ್ವಾರಿ ನಡೀತಿದೆ. ಬ್ಲಾಸ್ಟ್ ಮಾಡಿ ಮಾಡಿ ಅಂಗನವಾಡಿ ಗೋಡೆ ಬಿರುಕು ಬಿಟ್ಟಿದೆ. ಮೆಕ್ಕೆಜೋಳದ ಗರಿ ಮೇಲೆ ಬೂದಿ ಬಳಿದ ಹಾಗೆ ಧೂಳು. ನಾವು ನಾಲ್ಕು ಜನ ಗೆಳೆಯರು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದ್ವಿ, 143 ಜನ ಸೇರಿದ್ರು. ಗ್ರಾಮ ಸಭೆ ದಿನ ಬಂದಿದ್ದು ನಾವು ನಾಲ್ಕೇ ಜನ. ಎದ್ದು ಮಾತಾಡಿದ್ರೆ ಹಿರಿಯರೊಬ್ಬರು ‘ಮೊದಲು ಮೀಸೆ ಬರಲಿ, ಆಮೇಲೆ ಮಾತಾಡೋಣಂತೆ’ ಅಂದ್ರು. ಎಲ್ಲರೂ ನಕ್ಕರು. ಈಗ ಗ್ರೂಪಲ್ಲೂ ಯಾರೂ ಮಾತಾಡ್ತಿಲ್ಲ. ಏನು ಮಾಡೋದು?
– ಹೆಸರು ಬೇಡ, ಚನ್ನಗಿರಿ ತಾಲ್ಲೂಕು

ಉತ್ತರ: ತಮ್ಮಾ, ಮೀಸೆಯ ವಿಷಯ ಮೊದಲು ಮುಗಿಸಿಬಿಡೋಣ. ನಮ್ಮ ರಾಜ್ಯದ ಗ್ರಾಮ ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದ್ದು. ಮೀಸೆ ಲೆಕ್ಕ ಹಿಡಿದರೆ ಆ ಹಿರಿಯರು ಮೊದಲು ಅರ್ಧ ಪಂಚಾಯತನ್ನೇ ಎಬ್ಬಿಸಿ ಮನೆಗೆ ಕಳಿಸಬೇಕಾಗುತ್ತದೆ. ಮುಂದಿನ ಸಲ ಹಾಗೆ ಅಂದರೆ ನಗುತ್ತಲೇ ಇದನ್ನು ಹೇಳು. ಜಗಳ ತೆಗೆಯಬೇಡ. ನಕ್ಕವರನ್ನು ನಗಿಸಿಯೇ ನಮ್ಮ ಕಡೆ ತಿರುಗಿಸಿಕೊಳ್ಳಬೇಕು.

ಇನ್ನು ನನ್ನ ಪ್ರಶ್ನೆ. ನಿಮ್ಮ ನಾಲ್ವರಲ್ಲಿ ಎಷ್ಟು ಜನರ ಹೆಸರು ಮತದಾರರ ಪಟ್ಟಿಯಲ್ಲಿದೆ? ಕೊಂಕಿಗೆ ಕೇಳುತ್ತಿಲ್ಲ. ವಾರ್ಡ್ ಸಭೆಗೂ ಗ್ರಾಮ ಸಭೆಗೂ ಸದಸ್ಯರು ಯಾರೆಂದರೆ ಆ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ. ಹೆಸರಿದ್ದರೆ ನೀನು ಸಭೆ ನೋಡಲು ಬಂದ ಹುಡುಗನಲ್ಲ, ಸಭೆಯೇ ನೀನು. ಇಲ್ಲದಿದ್ದರೆ ಇವತ್ತೇ ನಮೂನೆ 6 ತುಂಬು. ಮೊದಲಿನ ಹಾಗೆ ಜನವರಿ 1 ಬರಲಿ ಎಂದು ಕಾಯಬೇಕಾಗಿಲ್ಲ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ನಾಲ್ಕು ತಿಂಗಳ ಒಂದನೇ ತಾರೀಖೂ ಲೆಕ್ಕಕ್ಕಿವೆ, ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ನಿಮ್ಮ ಗ್ರೂಪಿನ 143 ಜನರಲ್ಲಿ ಪಟ್ಟಿಯಲ್ಲಿಲ್ಲದ ಹುಡುಗ ಹುಡುಗಿಯರನ್ನು ಹುಡುಕಿ ನಮೂನೆ ತುಂಬಿಸುವುದೇ ನಿಮ್ಮ ಸಂಘದ ಮೊದಲ ಕೆಲಸವಾಗಲಿ. ಗುಡ್ಡದ ಮಾತು ಕೇಳಿ ಹೆದರಿ ಬಾರದವರೂ ವೋಟರ್ ಐಡಿ ಅಂದರೆ ಬರುತ್ತಾರೆ.

ಎರಡನೆಯದು ನಿನ್ನ ಪತ್ರದಲ್ಲಿ ಇಲ್ಲವೇ ಇಲ್ಲದ ವಿಷಯ. ಎದ್ದು ಮಾತಾಡಿದೆ ಎಂದೆ. ಆ ಮಾತನ್ನು ಪಿಡಿಒ, ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ, ನಡಾವಳಿ ಪುಸ್ತಕದಲ್ಲಿ, ಅಂದರೆ ಸಭೆಯಲ್ಲಿ ಆಡಿದ್ದನ್ನು ದಾಖಲಿಸುವ ಪುಸ್ತಕದಲ್ಲಿ, ಬರೆದುಕೊಂಡರಾ?

ಇದನ್ನು ಯಾಕೆ ಕೇಳುತ್ತೇನೆಂದರೆ ನನಗೆ ಇದು ಕಲಿಯಲು ಬಹಳ ವರ್ಷ ಹಿಡಿಯಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಕಳಸೆ ಕಾಡಿಗೆ ನುಗ್ಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಎಂದರೆ ಎಲ್ಲರಿಗೂ ಕಣ್ಣಿಗೆ ಬರುವುದು ಮರ ತಬ್ಬಿದ ಆ ಚಿತ್ರವೇ. ಅದಕ್ಕೆ ಮೊದಲು ಆ ಕಡೆಯ ಯುವಕ ಮಂಡಳಿಯ ಹುಡುಗರು ಕಡಿತ ನಿಲ್ಲಿಸಿ ಎಂದು ಅರಣ್ಯ ಇಲಾಖೆಗೆ ಕಾಗದ ಬರೆದಿದ್ದರು, ಕೇಳುವವರಿರಲಿಲ್ಲ, ಆಮೇಲೆ ಮರ ಅಪ್ಪಿದ್ದು ಎಂಬುದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಕಾಡಿನಲ್ಲಿ 38 ದಿನ ಕಾವಲು ಕೂತ ಮೇಲೆ ಕಡಿತದ ಆದೇಶ ವಾಪಸಾಯಿತು.

ಗಾಳಿ ನಮ್ಮೂರಿಗೂ ಬೀಸಿತು. ನಾನಾಗ ಬಿ.ಎಸ್ಸಿ. ಎರಡನೇ ವರ್ಷ. ನಮ್ಮ ಮನೆಯ ಸೊಪ್ಪಿನ ಬೆಟ್ಟದ ಆಚೆ ಕಾಡಿನಲ್ಲೂ ಮರಗಳಿಗೆ ಕಡಿತದ ಸುತ್ತಿಗೆ ಗುರುತು ಬಿದ್ದಿತ್ತು. ನಾವು ಆರು ಹುಡುಗಿಯರು ಕಂಬಳಿ ಕೊಪ್ಪೆ ಹಾಕಿಕೊಂಡು, ಕಾಲಿಗೆ ಸುಣ್ಣ ಹೊಗೆಸೊಪ್ಪು ಬಳಿದುಕೊಂಡು ಆ ಮಳೆಯಲ್ಲಿ ಹೋಗಿ ಬೊಡ್ಡೆ ಎಣಿಸಿದೆವು. ಕಡಿದ ಮರ ಎಷ್ಟು, ಅದು ಉರುಳುವಾಗ ಮುರಿದು ಸತ್ತ ಎಳೆ ಮರ ಎಷ್ಟು, ಎರಡು ಕಾಲಂ. ನನ್ನ ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪೆನ್ಸಿಲಿನಲ್ಲಿ ಬರೆದದ್ದು, ಏಕೆಂದರೆ ಮಳೆಗೆ ಶಾಯಿ ನಿಲ್ಲುವುದಿಲ್ಲ. ಕಾವಲು ಕೂತವರಿಗೆ ಅವಲಕ್ಕಿ, ಅಪ್ಪೆಹುಳಿ ಹೊತ್ತದ್ದೂ ನಾವೇ. ಆಮೇಲೆ ಶಾಲೆಯ ಜಗಲಿಯಲ್ಲಿ ಅಧಿಕಾರಿಗಳ ಎದುರು ಸಭೆಯಾಯಿತು. ನಮ್ಮ ಎರಡು ಕಾಲಂ ಲೆಕ್ಕವನ್ನೇ ಓದಿದರು. ಠರಾವು ಬರೆದರು. ಅದರ ಕೆಳಗೆ ಹದಿನಾಲ್ಕು ಸಹಿ, ಹದಿನಾಲ್ಕೂ ಗಂಡಸರದ್ದು. ನಾವು ಆರು ಜನ ಒಳಗೆ ಚಹಾ ಸೋಸುತ್ತಿದ್ದೆವು. ಯಾರೂ ಬೇಕೆಂದು ಬಿಟ್ಟದ್ದಲ್ಲ, ಯಾರಿಗೂ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ, ಅದೇ ನನಗೆ ಇವತ್ತಿಗೂ ಸಿಟ್ಟು. ಇಪ್ಪತ್ತು ವರ್ಷ ಕಳೆದು ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದು ‘ಆಗ ನಿಮ್ಮೂರ ಹೆಂಗಸರೂ ಇದ್ದರಾ’ ಎಂದು ಕೇಳಿದಳು. ಇದ್ದೆವು ಎಂದೆ. ‘ದಾಖಲೆ ಇದೆಯಾ ಮೇಡಂ’ ಎಂದಳು. ರೆಕಾರ್ಡ್ ಪುಸ್ತಕ ಅಷ್ಟರಲ್ಲಿ ಒರಲೆಯ ಪಾಲಾಗಿತ್ತು.

ಹಾಗಾಗಿ ನೀನು ಸಭೆಗೆ ಬರೀ ಕೈಯಲ್ಲಿ ಹೋಗಬೇಡ. ಹೇಳಬೇಕಾದ್ದನ್ನು ಒಂದು ಪುಟದಲ್ಲಿ ಬರೆದು, ಎಷ್ಟು ಜನ ಸಿಗುತ್ತಾರೋ ಅಷ್ಟು ಜನರ ಸಹಿ ಹಾಕಿಸಿ, ವಾರ ಮೊದಲೇ ಪಂಚಾಯತ್ ಕಚೇರಿಯಲ್ಲಿ ಕೊಟ್ಟು ನಿನ್ನ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊ. ಮೊದಲು ವಾರ್ಡ್ ಸಭೆಯಲ್ಲಿ ಎತ್ತು. ಅದು ಚಿಕ್ಕದು, ಅಲ್ಲಿರುವುದು ನಿನ್ನ ಬೀದಿಯವರೇ. ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಜನ, ವಾರ್ಡಿನ ಮತದಾರರಲ್ಲಿ ಹತ್ತರಲ್ಲಿ ಒಂದು ಭಾಗ ಅಥವಾ ಇಪ್ಪತ್ತು ಜನ, ಯಾವುದು ಕಡಿಮೆಯೋ ಅಷ್ಟು. ಅಂಗನವಾಡಿಗೆ ಮಕ್ಕಳನ್ನು ಬಿಡುವ ತಾಯಂದಿರನ್ನು ಕರೆದುಕೊಂಡು ಹೋದರೆ ಕೋರಂ ಅಲ್ಲೇ ಆಯಿತು. ಗೋಡೆಯ ಬಿರುಕಿನ ಬಗ್ಗೆ ಅವರು ಮಾತಾಡಲಿ, ನೀನು ಬರೆದುಕೊ. ಸಭೆ ಮುಗಿಯುವಾಗ ‘ನಡಾವಳಿ ಒಂದ್ಸಲ ಓದಿ ಸಾರ್’ ಎಂದು ಮರ್ಯಾದೆಯಿಂದ ಕೇಳು. ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಿಸು. ಅಲ್ಲಿ ಒಪ್ಪಿದ್ದು ಗ್ರಾಮ ಸಭೆಗೆ ಹೋಗುತ್ತದೆ. ಈ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಕಾಗದದ ಮೇಲಷ್ಟೇ ನಡೆಯುವ ಸಭೆಗಳ ಕತೆ ನನಗೂ ಗೊತ್ತು. ಅದಕ್ಕೇ ನಡಾವಳಿಯ ನಕಲು ತೆಗೆದುಕೊಳ್ಳಬೇಕು ಅನ್ನುವುದು.

ಕ್ವಾರಿಯ ಕಾಗದಪತ್ರ ಬೇರೆ ಕಡೆ ಇರುತ್ತದೆ. ಗುತ್ತಿಗೆ ಕೊಡುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ, ಮಾಲಿನ್ಯ ನೋಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಪರಿಸರ ಅನುಮತಿ ಪಡೆದ ಗಣಿಯವರು ಅದರಲ್ಲಿ ಹಾಕಿದ ಷರತ್ತುಗಳನ್ನು ಹೇಗೆ ಪಾಲಿಸಿದ್ದೇವೆಂದು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಅಂದರೆ ಆರು ತಿಂಗಳಿಗೊಮ್ಮೆ, ವರದಿ ಕೊಡಬೇಕು. ಮಾಹಿತಿ ಹಕ್ಕಿನಲ್ಲಿ ಆ ಅನುಮತಿ ಪತ್ರವನ್ನೂ ಕೊನೆಯ ಎರಡು ವರದಿಗಳನ್ನೂ ಕೇಳು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಬಿ.ಎ. ಹುಡುಗನಿಗೆ ಕಷ್ಟವೇ, ನನಗೆ ಗೊತ್ತು. ‘ನಮ್ಮ ಸುಂದರವಾದ ಗ್ರಾಮವು’ ಎಂದು ಶುರುಮಾಡಬೇಡ. ಏನು ಬೇಕು ಅಷ್ಟನ್ನೇ ಕೇಳು.

ಇಷ್ಟರಲ್ಲಿ ಒಂದು ನೋಟ್‌ಬುಕ್ ಇಡಿ. ಬ್ಲಾಸ್ಟ್ ಆದ ದಿನ, ಗಂಟೆ, ಯಾವ ಮನೆಯ ಯಾವ ಗೋಡೆ. ಬಿರುಕಿನ ಪಕ್ಕ ಸ್ಕೇಲ್ ಹಿಡಿದು ತಿಂಗಳಿಗೊಂದು ಫೋಟೊ. ರಾತ್ರಿ ಹೊತ್ತು ಕ್ವಾರಿ ಒಳಗೆ ನುಗ್ಗಿ ವಿಡಿಯೊ ಮಾಡುವ ಸಾಹಸ ಮಾತ್ರ ಬೇಡ. ಅಲ್ಲಿ ದುಡ್ಡಿದೆ, ದುಡ್ಡಿದ್ದ ಕಡೆ ಲಾರಿ ಇರುತ್ತದೆ. ಒಬ್ಬೊಬ್ಬರೇ ಓಡಾಡಬೇಡಿ, ಅರ್ಜಿಯನ್ನು ಒಬ್ಬನ ಹೆಸರಿನಲ್ಲೇ ಹಾಕಬೇಡಿ. ಕ್ವಾರಿಯಲ್ಲಿ ದುಡಿಯುವ ನಿಮ್ಮೂರಿನವರೂ ಇರುತ್ತಾರೆ, ಆ ಮನೆಗಳಿಗೂ ಹೋಗಿ ಮಾತಾಡಿ. ಧೂಳು ಎಲ್ಲರಿಗಿಂತ ಜಾಸ್ತಿ ಕುಡಿಯುತ್ತಿರುವವರು ಅವರು.

ಪ್ರಶ್ನೆ: ಶರಾವತಿ ಕಣಿವೆಯ ಊರಿನವನು ನಾನು, ವಯಸ್ಸು 27, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಊರಿನ ಕಡೆ ಯೋಜನೆಯ ಸುದ್ದಿ ಬಂದಾಗಲೆಲ್ಲ ಇಲ್ಲಿ ಕೂತು ಪೋಸ್ಟ್ ಹಾಕುತ್ತೇನೆ, ಸಾವಿರಾರು ಜನ ಹಂಚಿಕೊಳ್ಳುತ್ತಾರೆ. ಮೊನ್ನೆ ಅಮ್ಮ ಫೋನಿನಲ್ಲಿ ‘ನೀ ಬರದ್ದು ಇಲ್ಲಿ ಯಾರಿಗೂ ಅರ್ಥ ಆಗಲಿಲ್ಲ, ಎಲ್ಲ ಇಂಗ್ಲಿಷು’ ಅಂದಳು. ನನ್ನಂಥವನಿಂದ ಊರಿಗೆ ನಿಜಕ್ಕೂ ಏನಾದರೂ ಉಪಯೋಗ ಇದೆಯೇ?
– ಹೊನ್ನಾವರ ತಾಲ್ಲೂಕಿನವ, ಈಗ ಬೆಂಗಳೂರು

ಉತ್ತರ: ಅಮ್ಮ ಉತ್ತರ ಕೊಟ್ಟಾಗಿದೆ, ನಾನು ವಿವರಣೆ ಬರೆಯುತ್ತೇನೆ ಅಷ್ಟೆ.

ಕೊರೊನಾ ಲಾಕ್‌ಡೌನಿನ ನಡುವೆ, 2020ರಲ್ಲಿ, ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಧ್ಯಯನದ ಹೊಸ ನಿಯಮಗಳ ಕರಡು ತಂದದ್ದು ನಿಮಗೆ ನೆನಪಿರಬೇಕು. ಸಾರ್ವಜನಿಕರಿಗೆ ಕೊಡುವ ನೋಟಿಸ್ ಅವಧಿಯನ್ನು 30 ದಿನದಿಂದ 20ಕ್ಕೆ ಇಳಿಸುವ ಪ್ರಸ್ತಾವ ಅದರಲ್ಲಿತ್ತು. ನಿಮ್ಮ ವಯಸ್ಸಿನವರು ಮನೆಯಲ್ಲೇ ಕೂತು ಲಕ್ಷಗಟ್ಟಲೆ ಇಮೇಲ್ ಬರೆಸಿದರು. ಒಂದೆರಡು ಯುವಜನ ಗುಂಪುಗಳ ವೆಬ್‌ಸೈಟ್‌ಗಳನ್ನೇ ಆ ಜುಲೈನಲ್ಲಿ ಬಂದ್ ಮಾಡಲಾಯಿತು. ಆದರೆ ಕರಡು ಬಿಕ್ಕಟ್ಟಿಗೆ ಸಿಕ್ಕಿದ್ದು ಎಲ್ಲಿ ಗೊತ್ತೆ? ಭಾಷೆಯಲ್ಲಿ. ಇಂಗ್ಲಿಷ್, ಹಿಂದಿಯಲ್ಲಷ್ಟೇ ಇದ್ದ ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು. ಆ ಕರಡು ಕರಡಾಗಿಯೇ ಉಳಿಯಿತು. ಬಿಡಿಬಿಡಿ ತಿದ್ದುಪಡಿಗಳಾಗಿ ಹಿಂಬಾಗಿಲಿನಿಂದ ಬಂದ ಸಡಿಲಿಕೆಗಳದ್ದು ಬೇರೆ ಕತೆ.

ಈಗಲೂ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಸಾರ್ವಜನಿಕ ಅಹವಾಲು ಸಭೆಗೆ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತ್, ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ಥಳೀಯ ಪಂಚಾಯತ್ತಿನಲ್ಲಿ ನೋಡಲು ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿಗೆ ಕಡಿಮೆಯಿಲ್ಲದವರು ಅಧ್ಯಕ್ಷತೆ ವಹಿಸಬೇಕು. ಇಡೀ ಸಭೆಯ ವಿಡಿಯೊ ಆಗಬೇಕು. ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು. ಒಂದು ಸಣ್ಣ ಸಾಲು ಎಲ್ಲರ ಕಣ್ಣು ತಪ್ಪಿಸುತ್ತದೆ: ಈ ಸಭೆಗೆ ಕೋರಂ ಇಲ್ಲ. ವಾರ್ಡ್ ಸಭೆಗೆ ಇಪ್ಪತ್ತು ಜನ ಬೇಕು, ನದಿಯ ಹಣೆಬರಹ ಬರೆಯುವ ಸಭೆಗೆ ಒಬ್ಬರೂ ಬರದಿದ್ದರೂ ‘ಅಹವಾಲು ಆಲಿಸಲಾಗಿದೆ’. ಬಹಿಷ್ಕಾರ ಹಾಕಿ ಹೊರಗೆ ಘೋಷಣೆ ಕೂಗುವ ಹುಡುಗರಿಗೆ ನಾನು ಇದನ್ನೇ ಹೇಳುವುದು. ಕೂಗಿ, ಬೇಡ ಅನ್ನುವುದಿಲ್ಲ, ಆದರೆ ಇಬ್ಬರನ್ನು ಒಳಗೆ ಕೂರಿಸಿ.

ತಳಕಳಲೆ, ಗೇರುಸೊಪ್ಪ ಜಲಾಶಯಗಳ ನಡುವಿನ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ (ಕೆಳಗಿನ ನೀರನ್ನು ಮೇಲಕ್ಕೆತ್ತಿ, ಮತ್ತೆ ಇಳಿಸಿ ವಿದ್ಯುತ್ ತೆಗೆಯುವುದು) ಅಹವಾಲು 2025ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಸೀಮೆಯಲ್ಲೇ ನಡೆಯಿತು. ಇಂಥ ಯೋಜನೆಗಳಲ್ಲಿ ಕನ್ನಡದಲ್ಲಿ ಸಿಗಬೇಕಾದದ್ದು ವರದಿಯ ಸಾರಾಂಶ ಮಾತ್ರ. ನೂರಾರು ಪುಟಗಳ ಪೂರ್ಣ ವರದಿ ಇಂಗ್ಲಿಷಿನಲ್ಲಿ. ನಿಮ್ಮ ಉಪಯೋಗ ಅಲ್ಲಿದೆ ಮಾರಾಯರೆ! ಇಡೀ ವರದಿ ಬೇಡ. ನೀರಿನ ಅಧ್ಯಾಯ, ಜಮೀನಿನ ಅಧ್ಯಾಯ, ಮಣ್ಣು ಎಲ್ಲಿ ಸುರಿಯುತ್ತಾರೆ ಎಂಬ ಭಾಗ, ಇವಿಷ್ಟನ್ನು ಅಮ್ಮನಿಗೆ ಅರ್ಥವಾಗುವ ಕನ್ನಡಕ್ಕೆ ತನ್ನಿ. ಹಾಗೆ ತರುವಾಗ ಏನಾಗುತ್ತದೆ ನೋಡಿ. ಒಮ್ಮೆ ನಾನೂ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಯಾವುದೋ ಯೋಜನೆಯ ವರದಿ ಇಟ್ಟುಕೊಂಡು ಕೂತಿದ್ದೆವು. ಅದರಲ್ಲಿದ್ದ ಒಂದು ಶಬ್ದಕ್ಕೆ ನಿಘಂಟು ‘ಪಾಳುಭೂಮಿ’ ಎಂದು ಅರ್ಥ ಕೊಟ್ಟಿತು. ನಕ್ಷೆ ತಿರುಗಿಸಿ ನೋಡಿದರೆ ಅದು ನಮ್ಮ ಬೇಣ! ದನ ಮೇಯುವ, ಕರಡ ಹುಲ್ಲು ಕೊಯ್ಯುವ, ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಕೆಳಗಿನ ತೋಟಕ್ಕೆ ಇಳಿಸುವ ಜಾಗ. ಪಾಳು ಎಂದು ಬರೆದರೆ ಕಳೆದುಕೊಳ್ಳಲು ಅಲ್ಲಿ ಏನೂ ಇಲ್ಲ ಎಂದಾಯಿತು. ಊರಿನವರಿಗೆ ಆ ಶಬ್ದ ಕಂಡಿದ್ದರೆ ಒಂದೇ ದಿನದಲ್ಲಿ ಹಿಡಿಯುತ್ತಿದ್ದರು. ಕಂಡಿರಲಿಲ್ಲ, ಅದು ಇಂಗ್ಲಿಷಿನಲ್ಲಿತ್ತು.

ಸಭೆಗೆ ಖುದ್ದಾಗಿ ಬರಲಾಗದವರು ಬರಹದಲ್ಲಿ ಅಭಿಪ್ರಾಯ ಕಳಿಸಬಹುದು, ನೀವೂ ಕಳಿಸಿ. ಆದರೆ ನಿಮ್ಮ ಅಭಿಪ್ರಾಯಕ್ಕಿಂತ ಅಮ್ಮನದ್ದು ತೂಕ. ಆ ಬೇಣಕ್ಕೆ ಎಷ್ಟು ಹೊರೆ ಕರಡ ಬರುತ್ತದೆ ಎಂದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಪ್ರಶ್ನೆ: ಮಗಳಿಗೆ ಇಪ್ಪತ್ತು ವರ್ಷ, ಬೆಂಗಳೂರಿನಲ್ಲಿ ಓದುತ್ತಾಳೆ. ಭಾನುವಾರ ಬಂದರೆ ಹವಾಮಾನ, ಮರ, ಕೆರೆ ಎಂದು ಬೋರ್ಡು ಹಿಡಿದು ಹೊರಡುತ್ತಾಳೆ. ಕೆಲವು ವರ್ಷಗಳ ಹಿಂದೆ ಅಂಥದ್ದೇ ಹುಡುಗಿಯನ್ನು ದೆಹಲಿ ಪೊಲೀಸರು ಕರೆದೊಯ್ದದ್ದು ಟೀವಿಯಲ್ಲಿ ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ. ಬೇಡ ಅನ್ನಲು ಬಾಯಿ ಬರುತ್ತಿಲ್ಲ, ಹೋಗು ಅನ್ನಲೂ ಧೈರ್ಯವಿಲ್ಲ.
– ಒಬ್ಬ ತಾಯಿ, ತುಮಕೂರು

ಉತ್ತರ: ಅಕ್ಕಾ, ನಿಮ್ಮ ಹೆದರಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. ನೀವು ಟೀವಿಯಲ್ಲಿ ನೋಡಿದ ಹುಡುಗಿ, ಪರಿಸರ ಕಾರ್ಯಕರ್ತೆ ದಿಶಾ ರವಿ ಅವರನ್ನು ಬೆಂಗಳೂರಿನಲ್ಲಿ ಬಂಧಿಸಿದ್ದು 2021ರ ಫೆಬ್ರುವರಿ 13ರಂದು, ರೈತ ಹೋರಾಟ ಬೆಂಬಲಿಸುವ ಒಂದು ಆನ್‌ಲೈನ್ ಟೂಲ್‌ಕಿಟ್ (ಪ್ರಚಾರದ ಕೈಪಿಡಿ) ವಿಷಯದಲ್ಲಿ. ಹತ್ತು ದಿನ ಕಳೆದು ಫೆಬ್ರುವರಿ 23ರಂದು ಜಾಮೀನು ಸಿಕ್ಕಿತು, ಇರುವ ಸಾಕ್ಷ್ಯ ಬಲು ತೆಳು ಎಂದು ನ್ಯಾಯಾಧೀಶರು ಹೇಳಿದರು. ಹೇಳಿದ್ದು ಸರಿ. ಆ ಹತ್ತು ದಿನ ಆ ಮನೆಯಲ್ಲಿ ಹೇಗಿತ್ತು ಎಂದು ನೀವೂ ನಾನೂ ಊಹಿಸಬಲ್ಲೆವು.

ಹಾಗಾಗಿ ಧೈರ್ಯದ ಮಾತಿಗಿಂತ ಕೆಲಸಕ್ಕೆ ಬರುವ ಮಾತು. ಬೆಂಗಳೂರಿನಲ್ಲಿ 2021ರ ಆದೇಶದ ಪ್ರಕಾರ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ. (ಹಳೆಯ ಸೆಂಟ್ರಲ್ ಜೈಲು ಇದ್ದ ಜಾಗ ಅದು. ಸ್ವಾತಂತ್ರ್ಯಕ್ಕೆ ಜೈಲಿನ ಅಂಗಳವನ್ನೇ ಕೊಟ್ಟಿದ್ದಾರೆ, ಇರಲಿ.) ಬೇರೆ ಕಡೆ ನಿಂತರೆ ಕೇಸು ಬೀಳಬಹುದು ಎಂಬುದು ಮಗಳಿಗೆ ಗೊತ್ತಿದೆಯೇ ಕೇಳಿ. ಬಂಧಿಸಿದರೆ ಕಾರಣ ತಿಳಿಸಲೇಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ವಿಶೇಷ ಸಂದರ್ಭ ಬಿಟ್ಟರೆ ಹೆಂಗಸರನ್ನು ಬಂಧಿಸುವಂತಿಲ್ಲ. ಹಾಗೆ ಮಾಡಬೇಕಾದರೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಒಬ್ಬ ವಕೀಲರ ಫೋನ್ ನಂಬರನ್ನು ಅವಳು ಮೊಬೈಲಿನಲ್ಲಲ್ಲ, ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ. ಮೊಬೈಲನ್ನೇ ಮೊದಲು ಕಸಿದುಕೊಳ್ಳುವುದು.

ಇಷ್ಟಾದ ಮೇಲೆ ಒಂದು ಭಾನುವಾರ ನೀವೂ ಜೊತೆಗೆ ಹೋಗಿ ಬನ್ನಿ. ನನ್ನ ಆಯಿ (ಅಮ್ಮ) ಆ 1983ರ ಮಳೆಗಾಲದಲ್ಲಿ ಒಂದು ಮಾತೂ ಆಡದೆ ಕಾಡಿಗೆ ಬಂದು, ನನ್ನ ಕಾಲಿನ ಉಂಬಳ ಕಿತ್ತು, ಅವಲಕ್ಕಿ ಡಬ್ಬ ಇಟ್ಟು ಹೋಗಿದ್ದಳು. ಮರುದಿನ ಎರಡು ಡಬ್ಬ ತಂದಳು.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘಕ್ಕೆ ಚುನಾವಣೆಯೇ ಇಲ್ಲ, ಲೆಕ್ಚರರ್‌ಗಳು ಆರಿಸಿದವರೇ ಕಾರ್ಯದರ್ಶಿ. ರಾಜಕೀಯ ಕೊಳಕು, ನೀವು ದೂರ ಇರಿ ಅನ್ನುತ್ತಾರೆ. ಪರಿಸರದ ಕೆಲಸ ಮಾಡುವ ನಮ್ಮ ತಂಡದಲ್ಲೂ ಅರ್ಧ ಜನ ‘ನಾವು ಪಕ್ಷಾತೀತ, ಚುನಾವಣೆ ಸಹವಾಸ ಬೇಡ’ ಅನ್ನುತ್ತಾರೆ. ನೀವೇನಂತೀರಿ?
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪಕ್ಷಾತೀತವಾಗಿರಿ, ಒಳ್ಳೆಯದು. ರಾಜಕೀಯಾತೀತವಾಗಿ ಮಾತ್ರ ಇರಲು ಆಗದು. ಕೆರೆಯ ದಂಡೆಗೆ ಲೇಔಟ್ ಬಂದದ್ದೂ ರಾಜಕೀಯದಿಂದಲೇ.

ಹದಿನೆಂಟಕ್ಕೆ ಓಟು ಬಂದದ್ದು 1989ರಲ್ಲಿ, ಸಂವಿಧಾನದ 61ನೇ ತಿದ್ದುಪಡಿಯಿಂದ. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ, ಕೈಗಾ ಅಣುಸ್ಥಾವರದ ವಿರುದ್ಧ ಮಾತಾಡುತ್ತ, ನಮ್ಮ ಕ್ಷೇತ್ರದಿಂದ ಶಿವರಾಮ ಕಾರಂತರು ನಿಂತರು. ಅವರಿಗಾಗ 87. ಮೊದಲ ಸಲ ಓಟು ಹಾಕುವ ಹದಿನೆಂಟರ ಹುಡುಗರು, ಕೋಲು ಹಿಡಿಯುವ ವಯಸ್ಸಿನ ಅಭ್ಯರ್ಥಿ! ನನಗೆ ಕೆಲಸ ಸಿಕ್ಕಿ ಹೆಚ್ಚು ದಿನವಾಗಿರಲಿಲ್ಲ, ಬಹಿರಂಗವಾಗಿ ಏನೂ ಮಾಡುವಂತಿರಲಿಲ್ಲ. ಕಾರಂತರು ಸೋತರು. ಪರಿಸರ ಎನ್ನುವುದು ಓಟು ಕೇಳುವ ವಿಷಯ ಎಂದು ನಮ್ಮ ಜಗಲಿಗಳಲ್ಲಿ ಮಾತಾಡಿದ್ದು ಆಗಲೇ ಮೊದಲು.

ಗ್ರಾಮ ಪಂಚಾಯತ್‌ಗೆ ನಿಲ್ಲಲು 21 ಸಾಕು, ಲೋಕಸಭೆಗೆ 25. ಎಂ.ಎ. ಎಂದರೆ ನಿನಗೆ 21 ಆಗಿರಬೇಕು. ನಿಲ್ಲು ಎಂದು ಹೇಳುವುದು ನನಗೆ ಸುಲಭ, ನಿಲ್ಲಲು ಚುನಾವಣೆ ನಡೆಯಬೇಕಲ್ಲ? 2016ರಲ್ಲಿ ಆಯ್ಕೆಯಾದ ತಾಲ್ಲೂಕು, ಜಿಲ್ಲಾ ಪಂಚಾಯತ್ ಸದಸ್ಯರ ಅವಧಿ 2021ಕ್ಕೆ ಮುಗಿದು ಆ ಕುರ್ಚಿಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಬೆಂಗಳೂರು ಪಾಲಿಕೆಯದ್ದೂ 2020ರ ಸೆಪ್ಟೆಂಬರ್‌ನಿಂದ ಅದೇ ಕತೆ. ಒಂದು ಇಡೀ ತಲೆಮಾರಿನ ಹುಡುಗ ಹುಡುಗಿಯರು ತಮ್ಮ ಜಿಲ್ಲಾ ಪಂಚಾಯತ್ ಸದಸ್ಯ ಯಾರೆಂದು ಕೇಳಿದರೆ ತಲೆ ಕೆರೆದುಕೊಳ್ಳುವಂತಾಯಿತು. ನಿಮ್ಮ ತಂಡದ ‘ಚುನಾವಣೆ ಬೇಡ’ ಅನ್ನುವವರಿಗೆ ಹೇಳು: ಚುನಾವಣೆ ಬೇಡ ಅನ್ನುವವರು ಅವರೊಬ್ಬರೇ ಅಲ್ಲ, ಮೇಲೆಯೂ ಇದ್ದಾರೆ.

ಪ್ರಶ್ನೆ: ಈಗಿನವರ ಹೋರಾಟ ಬರೀ ಸೆಲ್ಫಿ. ಕೈಯಲ್ಲಿ ಪರಿಸರದ ಬೋರ್ಡು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಲೋಟದ ಕಾಫಿ. ನಿಮ್ಮ ಕಾಲದ ನಿಷ್ಠೆ ಎಲ್ಲಿ, ಇವರೆಲ್ಲಿ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉತ್ತರ: ಸ್ವಾಮಿ, ನಮ್ಮ ಕಾಲದಲ್ಲಿ ಸೆಲ್ಫಿ ಇರಲಿಲ್ಲ, ಇದ್ದಿದ್ದರೆ ತೆಗೆಯುತ್ತಿದ್ದೆವು. ಮರ ಅಪ್ಪಿದ ಫೋಟೊ ಇಲ್ಲದಿದ್ದರೆ ಅಪ್ಪಿಕೋ ನಿಮಗೆ ನೆನಪಿರುತ್ತಿತ್ತೆ?

2016ರ ಅಕ್ಟೋಬರ್ 16ರ ಭಾನುವಾರ ಬೆಂಗಳೂರಿನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಬದಿ ನಿಂತರು, ‘ಸ್ಟೀಲ್ ಫ್ಲೈಓವರ್ ಬೇಡ’ ಎಂದು. ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೊಮೀಟರ್, 812 ಮರ ಹೋಗಬೇಕಿತ್ತು. ಮರುವರ್ಷ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. ಅವತ್ತೂ ಸೆಲ್ಫಿ ತೆಗೆದುಕೊಂಡಿದ್ದರು, ಕಾಫಿಯನ್ನೂ ಕುಡಿದಿದ್ದರು. ನನ್ನ ತಕರಾರು ಲೋಟದ್ದಲ್ಲ. ಎಷ್ಟೋ ಬೋರ್ಡುಗಳಲ್ಲಿ ಕನ್ನಡವೇ ಇರುವುದಿಲ್ಲ. ರಸ್ತೆ ಗುಡಿಸುವ ಹೆಂಗಸು ಅದನ್ನು ಓದಬೇಕಾದವಳಲ್ಲ ಎಂದುಕೊಂಡುಬಿಟ್ಟಿದ್ದಾರೆ. ಕಾಗುಣಿತ ತಿದ್ದಿಕೊಡಲು ನಿಮ್ಮಂಥವರು ಬೇಕು, ಹೋಗಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಹೋದ ವರ್ಷ ಮಕ್ಕಳ ಗ್ರಾಮ ಸಭೆಯಲ್ಲಿ ನಮ್ಮ ಶಾಲೆ ಹಿಂದಿನ ಹಳ್ಳಕ್ಕೆ ಕೋಳಿ ಅಂಗಡಿ ಕಸ ಹಾಕ್ತಾರೆ, ಕ್ಲಾಸಲ್ಲಿ ಕೂರೋಕೆ ಆಗಲ್ಲ ಅಂತ ಹೇಳಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಬಿಸ್ಕತ್ತು, ಜ್ಯೂಸ್ ಕೊಟ್ರು. ಕಸ ಹಾಗೇ ಇದೆ. ಈ ವರ್ಷನೂ ಅದನ್ನೇ ಹೇಳಲಾ? ಟೀಚರ್ ಬೇರೆ ವಿಷಯ ಹೇಳು ಅಂತಾರೆ.
– ವಿದ್ಯಾರ್ಥಿನಿ, ಹಾಸನ ಜಿಲ್ಲೆ

ಉತ್ತರ: ಅದನ್ನೇ ಹೇಳು ಪುಟ್ಟಿ. ‘ಹೋದ ವರ್ಷವೂ ಇದನ್ನೇ ಹೇಳಿದ್ದೆ’ ಎಂದು ಶುರುಮಾಡು, ತಾರೀಖು ಸೇರಿಸು.

ನೀನು ಕೂತ ಆ ಸಭೆ ದೊಡ್ಡವರು ಸುಮ್ಮನೆ ಕೊಟ್ಟದ್ದಲ್ಲ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳು ಭೀಮ ಸಂಘ ಎಂದು ಕಟ್ಟಿಕೊಂಡಿದ್ದರು, ತಮ್ಮದೇ ಮಕ್ಕಳ ಪಂಚಾಯತ್ ನಡೆಸಿದರು. ಹಳ್ಳ ದಾಟುವ ಕಾಲುಸಂಕ, ಸೌದೆ, ಶಾಲೆಗೆ ಹೋಗುವ ದಾರಿ, ಎಲ್ಲದರ ಬಗ್ಗೆ ಪಂಚಾಯತ್ತಿಗೆ ಮಾತು ಕೇಳಿಸಿದರು. ಆಮೇಲೆ 2006ರಲ್ಲಿ ಸರ್ಕಾರ ರಾಜ್ಯದ ಎಲ್ಲ ಗ್ರಾಮ ಪಂಚಾಯತ್‌ಗಳೂ ಮಕ್ಕಳ ಗ್ರಾಮ ಸಭೆ ಮಾಡಬೇಕೆಂದು ಹೇಳಿತು. ನಿನ್ನಂಥ ಮಕ್ಕಳು ಹುಟ್ಟುಹಾಕಿದ ಸಭೆ ಅದು.

ಹೋದ ವರ್ಷದ ನಡಾವಳಿಯಲ್ಲಿ ನಿನ್ನ ಮಾತು ಬರೆದಿದೆಯಾ ನೋಡಬೇಕು ಎಂದು ಪಿಡಿಒ ಅವರನ್ನು ಕೇಳು. ಒಬ್ಬಳೇ ಹೋಗಬೇಡ, ನಾಲ್ಕು ಗೆಳತಿಯರೂ ಬರಲಿ. ಬರೆದಿದ್ದರೆ ‘ಇದಕ್ಕೆ ಏನು ಕ್ರಮ ಆಯ್ತು ಸರ್’ ಎಂದು ಕೇಳು. ಬರೆದಿಲ್ಲದಿದ್ದರೆ ಈ ಸಲ ಅವರು ಬರೆಯುವವರೆಗೆ ಮೈಕ್ ಬಿಡಬೇಡ. ಟೀಚರ್‌ಗೆ ನಾನು ಹೇಳಿದೆ ಎಂದು ಹೇಳಬಹುದು. ಬೈದರೆ ನನಗೆ ಬೈಯಲಿ.

ಬಿಸ್ಕತ್ತು ಕೊಟ್ಟರೆ ತಿನ್ನು. ಅದರ ಕವರನ್ನು ಆ ಹಳ್ಳಕ್ಕೆ ಎಸೆಯಬೇಡ. ಏನಾಯಿತೆಂದು ನನಗೆ ಬರಿ, ಈ ಅಂಕಣದಲ್ಲೇ ಹಾಕುತ್ತೇನೆ.